ಗುರುತಿಗೆ ಸರಿಯಾಗಿ ಕೂತ ಪಂಪ್, ಆದರೂ ಬಿಳಿ ಹೊಗೆ: ಒಂದು ಲಾರಿ ಇಂಜಿನ್ನಿನ ಟೈಮಿಂಗ್ ಪ್ರಕರಣ

ಗಾಡಿ 16 ಟನ್ ದರ್ಜೆಯ, ಎರಡು ಆಕ್ಸಲ್‌ನ ಹಳೆಯ ಲಾರಿ. ಇಂಜಿನ್ ಆರು ಸಿಲಿಂಡರ್, ಸುಮಾರು 5.7 ಲೀಟರ್, ಟರ್ಬೊ ಇಲ್ಲ. ಸ್ಟ್ರೋಕ್ 128 ಮಿ.ಮೀ., ಕನೆಕ್ಟಿಂಗ್ ರಾಡ್ ಸುಮಾರು 230 ಮಿ.ಮೀ. ಇಂಧನ ಕೊಡುವುದು ಬೆಂಗಳೂರಿನ ಮೈಕೋ ಕಾರ್ಖಾನೆಯ ಕಾಲದ ಇನ್‌ಲೈನ್ ಪಂಪ್. ಅದರಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಪ್ಲಂಜರ್, ಅಂದರೆ ಡೀಸೆಲನ್ನು ಒತ್ತುವ ಸಣ್ಣ ಉರುಳೆ, ಸಾಲಾಗಿರುತ್ತದೆ. ಪಂಪನ್ನು ಟೈಮಿಂಗ್ ಗೇರ್ ಕೇಸಿಗೆ ಫ್ಲ್ಯಾಂಜ್ ಮೂಲಕ ಬಿಗಿದಿದೆ. ಫ್ಲ್ಯಾಂಜಿನ ತೂತುಗಳು ಉದ್ದಕ್ಕಿವೆ, ನಟ್ ಸಡಿಲಿಸಿ ಪಂಪನ್ನು ಆಚೀಚೆ ತಿರುಗಿಸಬಹುದು. ಈ ಇಂಜಿನ್-ಪಂಪ್ ಜೋಡಿಗೆ ಕೈಪಿಡಿ ಕೊಡುವ ಸ್ಟ್ಯಾಟಿಕ್ ಟೈಮಿಂಗ್ (ನಿಂತ ಇಂಜಿನ್ನಿನಲ್ಲಿ ಅಳೆಯುವ, ಪಂಪ್ ಡೀಸೆಲ್ ಒತ್ತಲು ಶುರುಮಾಡುವ ಜಾಗ) ಒಂದನೇ ಸಿಲಿಂಡರ್ ಟಾಪ್‌ಗೆ ಬರುವ 18 ಡಿಗ್ರಿ ಮುಂಚೆ. ಟಾಪ್ ಎಂದರೆ ಪಿಸ್ಟನ್ ಅತಿ ಮೇಲೆ ಇರುವ ಜಾಗ, ಡಿಗ್ರಿ ಕ್ರ್ಯಾಂಕ್ ತಿರುಗುವುದರ ಲೆಕ್ಕ. ಇಂಜಿನ್ ಮಾದರಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಒಂದೇ ಹೆಸರಿನ ಇಂಜಿನ್ ಬೇರೆ ಬೇರೆ ಪಂಪ್, ಬೇರೆ ಬೇರೆ ಡಿಗ್ರಿಗಳೊಂದಿಗೆ ಮಾರಾಟವಾಗಿರುತ್ತದೆ. ಇಲ್ಲಿನ 18ನ್ನು ಓದಿ ಇನ್ನೊಂದು ಗಾಡಿಗೆ ಹಾಕುವುದು ಅಪಾಯ. ಅದರ ಅಂಕಿ ಅದರ ಪ್ಲೇಟಿನಲ್ಲೋ ಕೈಪಿಡಿಯಲ್ಲೋ ಇರುತ್ತದೆ.

ಶುರುವಾದದ್ದು ಸಾಮಾನ್ಯ ದೂರಿನಿಂದ. ಇಂಜಿನ್ ಬಿಸಿಯಾದಾಗ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿತ್ತು. ತಣ್ಣಗಿದ್ದಾಗ ತೊಂದರೆಯಿಲ್ಲ, ಓಡುವಾಗ ಎಳೆತವೂ ಚೆನ್ನಾಗಿಯೇ ಇತ್ತು. ಪ್ಲಂಜರ್ ಸವೆದ ಪಂಪಿನ ಲಕ್ಷಣ ಇದು. ಬಿಸಿ ಡೀಸೆಲ್ ತೆಳ್ಳಗಾಗಿ ಪ್ಲಂಜರ್ ಪಕ್ಕದಿಂದ ಸೋರುತ್ತದೆ, ಸೆಲ್ಫ್‌ನ ನಿಧಾನ ವೇಗದಲ್ಲಿ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಪಂಪ್ ಇಳಿಸಿ ಬೆಂಚಿಗೆ (ಪಂಪ್ ಪರೀಕ್ಷಿಸಿ ಹೊಂದಿಸುವ ಯಂತ್ರಕ್ಕೆ) ಕಳಿಸಿದ್ದು ಸರಿಯಾದ ನಿರ್ಧಾರವೇ. ಆರು ಎಲಿಮೆಂಟ್ (ಪ್ಲಂಜರ್ ಮತ್ತು ಅದು ಆಡುವ ಬ್ಯಾರೆಲ್ ಜೋಡಿ), ಆರು ಡೆಲಿವರಿ ವಾಲ್ವ್ (ಪೈಪಿಗೆ ಡೀಸೆಲ್ ಬಿಡುವ ವಾಲ್ವ್) ಹೊಸದಾಗಿ ಬಿದ್ದವು, ನಾಜಲ್‌ಗಳನ್ನೂ ಬದಲಿಸಿ 200 ಬಾರ್‌ಗೆ ಹೊಂದಿಸಲಾಯಿತು.

ಪಂಪ್ ವಾಪಸ್ ಕೂತ ಮೇಲೆ ಬಿಸಿ ಸ್ಟಾರ್ಟಿನ ತೊಂದರೆ ಹೋಯಿತು, ಅದರ ಜಾಗಕ್ಕೆ ಬೇರೆ ಬಂತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಕಣ್ಣುರಿಸುವ ಬಿಳಿ ಹೊಗೆ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೋಗುವ ಹೆದ್ದಾರಿಯಲ್ಲಿ ಗಾಡಿಯ ಓಡಾಟ. ಅಂಕೋಲಾ ಕಡೆಯಿಂದ ಲೋಡ್ ತುಂಬಿ ಅರಬೈಲ್ ಘಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಕಡೆ ಎರಡಕ್ಕೆ ಇಳಿಯಬೇಕು, ಬಿಸಿ ಮುಳ್ಳು ಕೆಂಪಿನ ಹತ್ತಿರ. ಡ್ರೈವರ್ ಹೇಳಿದ್ದು ಒಂದೇ ಮಾತು: "ಮಿಸ್ತ್ರಿಯವರ, ಪಂಪ್ ಮಾಡಿಸಿದ ಮ್ಯಾಲೆ ಗಾಡಿ ಜಗ್ಗವಲ್ದು."

ಪಂಪ್ ಮಾಡಿಸಿದ ಮೇಲೆ ಬಂದ ರೋಗ, ಆದ್ದರಿಂದ ಪಂಪಿನದೇ ತಪ್ಪು ಎಂದು ಎಲ್ಲರೂ ಹಿಡಿದರು. ಪಂಪ್ ಮತ್ತೆ ಬೆಂಚಿಗೆ ಹೋಯಿತು. ಆರೂ ಲೈನುಗಳ ಡೆಲಿವರಿ ಸಮ, ಲೈನಿನಿಂದ ಲೈನಿಗೆ 60 ಡಿಗ್ರಿ ಅಂತರದಲ್ಲಿ ಅರ್ಧ ಡಿಗ್ರಿಯೊಳಗಿನ ವ್ಯತ್ಯಾಸ, ವೇಗ ಹಿಡಿತದಲ್ಲಿಡುವ ಗವರ್ನರ್ ಸರಿ. ಮತ್ತೆ ಗಾಡಿಗೆ ಕೂರಿಸಿ, ಸ್ಪಿಲ್ ಮಾಡಿ (ಕ್ರ್ಯಾಂಕ್ ಮೆಲ್ಲಗೆ ತಿರುಗಿಸಿ ಪಂಪಿನಿಂದ ಹರಿಯುವ ಡೀಸೆಲ್ ಯಾವ ಡಿಗ್ರಿಗೆ ನಿಲ್ಲುತ್ತದೆ ಎಂದು) ನೋಡಿದರೆ ಕ್ರ್ಯಾಂಕಿನ ಮುಂದಿನ ಪುಲಿಯ 18ರ ಗುರುತಿಗೆ ಕರೆಕ್ಟ್. ಎರಡನೇ ಗ್ಯಾರೇಜಿನಲ್ಲಿ ಅನುಭವಸ್ಥರೊಬ್ಬರು ಪಂಪನ್ನು ಒಂದೆರಡು ಮಿ.ಮೀ. ಅಡ್ವಾನ್ಸ್ ಕಡೆಗೆ, ಅಂದರೆ ಡೀಸೆಲ್ ಬೇಗ ಸಿಡಿಯುವ ಕಡೆಗೆ, ತಿರುಗಿಸಿದರು. ಹೊಗೆ ಕಡಿಮೆಯಾಯಿತು, ದನಿ ಚುರುಕಾಯಿತು. ಆದರೆ ಗುರುತು ನೋಡಿದರೆ 18 ದಾಟಿದೆ. "ಅಡ್ವಾನ್ಸ್ ಜಾಸ್ತಿ ಇಟ್ಟರೆ ಪಿಸ್ಟನ್ ಒಡೆಯುತ್ತದೆ" ಎಂಬ ಭಯಕ್ಕೆ ಮತ್ತೆ ಗುರುತಿಗೇ ತಂದು ನಿಲ್ಲಿಸಿದರು. ಎಳೆತದ ಕೊರತೆ ತುಂಬಲು ಪಂಪಿನ ಸೀಲ್ ಒಡೆದು ಗರಿಷ್ಠ ಡೀಸೆಲ್‌ನ ಮಿತಿ ಹೊಂದಿಸುವ ಫುಲ್ ಲೋಡ್ ಸ್ಕ್ರೂ ಅರ್ಧ ಸುತ್ತು ತೆರೆದರು. ಬಿಳಿ ಹೊಗೆ ಹಾಗೇ ಉಳಿಯಿತು, ಏರಿನಲ್ಲಿ ಕಪ್ಪು ಹೊಗೆಯೂ ಸೇರಿಕೊಂಡಿತು.

ಇಲ್ಲಿ ಒಂದು ಮಾತು ಹೇಳಬೇಕು. ಆ ಅನುಭವಸ್ಥರ ಕಿವಿ ಕೇಳಿದ್ದು ನಿಜ. ಕಿವಿ ಡಿಗ್ರಿ ಅಳೆಯುವುದಿಲ್ಲ, ಆದರೆ ಯಾವ ಕಡೆ ಹೋಗಬೇಕು ಎಂಬುದನ್ನು ಸಾಕಷ್ಟು ಸರಿಯಾಗಿ ಹೇಳುತ್ತದೆ. ಕಿವಿ ಒಂದು ಹೇಳಿ ಗುರುತು ಇನ್ನೊಂದು ಹೇಳಿದಾಗ ಯಾವುದೋ ಒಂದನ್ನು ಆರಿಸಿಕೊಂಡು ಮುಂದೆ ಹೋದರೆ ಆಗದು, ಎರಡರ ನಡುವಿನ ಜಗಳಕ್ಕೆ ಕಾರಣ ಹುಡುಕಬೇಕು. ಅದನ್ನು ಯಾರೂ ಹುಡುಕಲಿಲ್ಲ.

ಆರಕ್ಕೆ ಆರೂ, ಅಂದರೆ ಸಾಮಾನ್ಯ ಕಾರಣ

ಮೂರನೇ ಗ್ಯಾರೇಜಿನ ತಪಾಸಣೆ ಪಂಪ್ ಮುಟ್ಟದೆ ಶುರುವಾಯಿತು. ಇಂಜಿನ್ ಐಡ್ಲಿಂಗಿನಲ್ಲಿರುವಾಗ ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿದರೆ ಆ ಸಿಲಿಂಡರ್ ಸತ್ತು ವೇಗ ಇಳಿಯಬೇಕು. ಆರೂ ಕಡೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಕಂಪ್ರೆಶನ್ ಆರರಲ್ಲೂ 24ರಿಂದ 26 ಬಾರ್. ಟ್ಯಾಪೆಟ್ ಗ್ಯಾಪ್ ಸರಿ. ಬಿಳಿ ಹೊಗೆ ನೀರಿನ ಹಬೆಯೇ ಎಂದು ನೋಡಲು ರೇಡಿಯೇಟರ್ ಗಮನಿಸಿದರೆ ನೀರು ಇಳಿದಿಲ್ಲ, ಗುಳ್ಳೆ ಇಲ್ಲ. ವಾಸನೆ ಸುಡದ ಡೀಸೆಲ್‌ನದು. ಸುಡದ ಡೀಸೆಲ್ ಕಣ್ಣು ಉರಿಸುತ್ತದೆ, ನೀರಿನ ಹಬೆ ಉರಿಸುವುದಿಲ್ಲ. ಒಂದು ನಾಜಲ್ ಸೋರುತ್ತಿದ್ದರೆ ಅಥವಾ ಒಂದು ಸಿಲಿಂಡರಿನ ರಿಂಗ್ ಹೋಗಿದ್ದರೆ ಇಷ್ಟು ಸಮನಾಗಿ ಆರೂ ಕೆಡುವುದಿಲ್ಲ. ಕಾರಣ ಆರಕ್ಕೂ ಸೇರಿದ್ದು.

ಆರಕ್ಕೂ ಸೇರಿದ ಕಾರಣಗಳು ಹೆಚ್ಚಿಲ್ಲ. ಡೀಸೆಲ್ ಫೀಡ್ ನೋಡಲು ಫಿಲ್ಟರ್ ಮತ್ತು ಪಂಪಿನ ನಡುವೆ ಪಾರದರ್ಶಕ ಪೈಪ್ ಹಾಕಿದರು, ಗಾಳಿ ಗುಳ್ಳೆ ಕಾಣಲಿಲ್ಲ. ಏರ್ ಕ್ಲೀನರ್ ಸ್ವಚ್ಛ. ಘಟ್ಟದ ಗಾಡಿಗಳಲ್ಲಿ ಮರೆಯಬಾರದ್ದು ಹೊಗೆ ಪೈಪನ್ನು ಮುಚ್ಚಿ ಗಾಡಿ ನಿಧಾನಿಸುವ ಎಕ್ಸಾಸ್ಟ್ ಬ್ರೇಕಿನ ಫ್ಲ್ಯಾಪ್. ಅದು ಅರ್ಧ ಮುಚ್ಚಿದ ಸ್ಥಿತಿಯಲ್ಲಿ ಕಚ್ಚಿಕೊಂಡರೆ ಎಳೆತ ಹೋಗಿ ಇಂಜಿನ್ ಬಿಸಿಯಾಗುತ್ತದೆ, ಪಂಪಿಗೆ ಸುಮ್ಮನೆ ಬೈಗುಳ ಬೀಳುತ್ತದೆ. ಇಲ್ಲಿ ಫ್ಲ್ಯಾಪ್ ಪೂರ್ತಿ ತೆರೆಯುತ್ತಿತ್ತು. ಉಳಿದದ್ದು ಟೈಮಿಂಗ್ ಒಂದೇ. ತಣ್ಣಗಿರುವಾಗ ಬಿಳಿ ಹೊಗೆ, ಲೋಡಿನಲ್ಲಿ ಎಳೆತ ಇಲ್ಲ, ಬಿಸಿ ಏರುತ್ತದೆ, ದನಿ ಮೆತ್ತಗೆ: ನಾಲ್ಕೂ ಸೇರಿದರೆ ಇಂಜೆಕ್ಷನ್ ತಡವಾಗಿದೆ ಎಂದೇ ಅರ್ಥ.

ತಡವಾದರೆ ಏಕೆ ಹೀಗಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಐಡ್ಲಿಂಗ್ 600 ಆರ್‌ಪಿಎಂ ಎಂದರೆ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 3.6 ಡಿಗ್ರಿ ತಿರುಗುತ್ತದೆ. ಪಂಪಿನಲ್ಲಿ ಹುಟ್ಟಿದ ಒತ್ತಡದ ಅಲೆ ಡೀಸೆಲ್ ಒಳಗೆ ಸೆಕೆಂಡಿಗೆ ಸುಮಾರು 1400 ಮೀಟರ್ ವೇಗದಲ್ಲಿ ಸಾಗುತ್ತದೆ. 70 ಸೆಂ.ಮೀ. ಪೈಪ್ ದಾಟಲು ಅರ್ಧ ಮಿಲಿಸೆಕೆಂಡ್, ಅಂದರೆ ಐಡ್ಲಿಂಗಿನಲ್ಲಿ 1.8 ಡಿಗ್ರಿ. ತಣ್ಣನೆಯ ಇಂಜಿನ್ನಿನಲ್ಲಿ ಸಿಡಿದ ಡೀಸೆಲ್ ಹೊತ್ತಿಕೊಳ್ಳಲು ಇನ್ನೂ ಎರಡು ಮೂರು ಮಿಲಿಸೆಕೆಂಡ್ ಬೇಕಾಗಬಹುದು, ಅದು 7ರಿಂದ 11 ಡಿಗ್ರಿ. 18ಕ್ಕೆ ಪಂಪ್ ಒತ್ತಲು ಶುರುಮಾಡಿದರೆ ಬೆಂಕಿ ಹತ್ತುವ ಹೊತ್ತಿಗೆ ಪಿಸ್ಟನ್ ಇನ್ನೂ ಮೇಲೇರುತ್ತಿರುತ್ತದೆ. 10ಕ್ಕೆ ಶುರುಮಾಡಿದರೆ ಬೆಂಕಿ ಹತ್ತಬೇಕಾದ ಹೊತ್ತಿಗೆ ಪಿಸ್ಟನ್ ಟಾಪ್ ಮುಟ್ಟಿ ಕೆಳಗಿಳಿಯುತ್ತಿರಬಹುದು. ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಡೀಸೆಲ್‌ನ ಒಂದಷ್ಟು ಭಾಗ ಸುಡದೆ ಆವಿಯಾಗಿ ಹೊರಬೀಳುತ್ತದೆ. ಅದೇ ಬಿಳಿ ಹೊಗೆ. ಬಿಸಿಯಾದ ಮೇಲೆ ಎಲ್ಲ ಸುಡುತ್ತದೆ, ಆದರೆ ಪಿಸ್ಟನ್ ಕೆಳಗೆ ಓಡುತ್ತಿರುವಾಗ ಸುಡುತ್ತದೆ. ಒತ್ತಬೇಕಾದ ಶಾಖ ಎಕ್ಸಾಸ್ಟಿಗೂ ನೀರಿಗೂ ಹೋಗುತ್ತದೆ. ಘಟ್ಟದಲ್ಲಿ ಬಿಸಿ ಮುಳ್ಳು ಏರಿದ್ದು ಅದಕ್ಕೆ.

ಇದೇ ಲೆಕ್ಕ 2400 ಆರ್‌ಪಿಎಂನಲ್ಲಿ ಹಾಕಿದರೆ ಪೈಪಿನ ಅರ್ಧ ಮಿಲಿಸೆಕೆಂಡೇ 7.2 ಡಿಗ್ರಿ ನುಂಗುತ್ತದೆ. ವೇಗಕ್ಕೆ ತಕ್ಕಂತೆ ಅಡ್ವಾನ್ಸ್ ಕೊಡುವ ಟೈಮರ್ ಅನ್ನು ಪಂಪ್ ಡ್ರೈವಿನಲ್ಲಿ ಇಡುವುದು ಇದಕ್ಕಾಗಿ. ಸ್ಪಿಲ್ ಪರೀಕ್ಷೆ ಟೈಮರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಇಲ್ಲಿ ಅದನ್ನು ಬಿಚ್ಚಿ ನೋಡಲಾಯಿತು. ಸ್ಪ್ರಿಂಗ್ ಎರಡೂ ಇದ್ದವು, ತೂಕಗಳು ಸಲೀಸಾಗಿ ಆಡುತ್ತಿದ್ದವು.

ಸ್ಪಿಲ್ ಅನ್ನು ಮತ್ತೆ, ಸರಿಯಾಗಿ

ಹಿಂದಿನವರು ಸ್ಪಿಲ್ ಮಾಡಿದ ರೀತಿಯ ಮೇಲೆ ಸಂಶಯ ಇಟ್ಟುಕೊಳ್ಳುವುದು ನ್ಯಾಯ. ಡೆಲಿವರಿ ವಾಲ್ವ್ ಒಳಗೇ ಬಿಟ್ಟು ಪೈಪಿನ ಬಾಯಲ್ಲಿ ಡೀಸೆಲ್ ಅಲುಗುವುದನ್ನು ನೋಡುವವರು ಇದ್ದಾರೆ, ಅದರಲ್ಲಿ ಎರಡು ಮೂರು ಡಿಗ್ರಿ ತಪ್ಪುವುದು ಏನೂ ದೊಡ್ಡದಲ್ಲ. ಆದ್ದರಿಂದ ಮೊದಲಿನಿಂದ ಮಾಡಲಾಯಿತು.

ಒಂದನೇ ಸಿಲಿಂಡರನ್ನು ಕಂಪ್ರೆಶನ್ ಸ್ಟ್ರೋಕಿಗೆ ತರಬೇಕು. ಒಂದರ ಎರಡೂ ವಾಲ್ವ್ ಸಡಿಲ, ಆರನೆಯದರ ವಾಲ್ವ್‌ಗಳು ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ಇದ್ದರೆ ಅದೇ ಜಾಗ. ಇದನ್ನು ತಪ್ಪಿಸಿಕೊಂಡರೆ ಪಂಪ್ ಅರ್ಧ ಸುತ್ತು ಆಚೆ ಕೂರುತ್ತದೆ, ಇಂಜಿನ್ ಸ್ಟಾರ್ಟೇ ಆಗುವುದಿಲ್ಲ. ಪಂಪಿನ ಒಂದನೇ ಪೈಪ್ ಬಿಚ್ಚಿ, ಡೆಲಿವರಿ ವಾಲ್ವ್ ಹೋಲ್ಡರ್ ತೆಗೆದು, ಒಳಗಿನ ಸ್ಪ್ರಿಂಗ್ ಮತ್ತು ವಾಲ್ವ್ ಎತ್ತಿ, ಸೀಟನ್ನು ಅಲ್ಲೇ ಬಿಟ್ಟು ಹೋಲ್ಡರ್ ಮತ್ತೆ ಹಾಕಬೇಕು. ಎತ್ತಿದ ವಾಲ್ವ್ ಸ್ವಚ್ಛ ಡೀಸೆಲ್ ಇರುವ ಬಟ್ಟಲಿಗೆ ಹೋಗಬೇಕು, ಬಟ್ಟೆಯ ಮೇಲಲ್ಲ. ಅದರ ಉಜ್ಜಿದ ಮೈಗೆ ಬೆರಳು, ಹತ್ತಿ ತಾಗಬಾರದು. ಹೋಲ್ಡರನ್ನು ಪಂಪಿನ ಶೀಟಿನಲ್ಲಿರುವ ಟಾರ್ಕಿಗೇ ಬಿಗಿಯಬೇಕು. ಸೋರುತ್ತದೆಂದು ಎಳೆದು ಬಿಗಿದರೆ ಬ್ಯಾರೆಲ್ ಸೊಟ್ಟಾಗಿ ಪ್ಲಂಜರ್ ಹಿಡಿದುಕೊಳ್ಳುತ್ತದೆ. ಆಮೇಲೆ ಒಂದು ಸಿಲಿಂಡರ್ ಸತ್ತರೆ ಅದಕ್ಕೆ ಕಾರಣ ಟೈಮಿಂಗ್ ನೋಡಿದ ಕೈಯೇ.

ಹೋಲ್ಡರಿನ ಮೇಲೆ ಬಾತುಕೋಳಿ ಕತ್ತಿನಂತೆ ಬಾಗಿದ ಸಣ್ಣ ಪೈಪ್ ಕೂರುತ್ತದೆ. ಇನ್ನು ರ‍್ಯಾಕ್, ಅಂದರೆ ಪ್ಲಂಜರುಗಳನ್ನು ತಿರುಗಿಸಿ ಡೀಸೆಲ್ ಪ್ರಮಾಣ ಬದಲಿಸುವ ಕಡ್ಡಿ. ರ‍್ಯಾಕ್ ಸ್ಟಾಪಿನಲ್ಲಿದ್ದರೆ ಡೀಸೆಲ್ ಹರಿವು ನಿಲ್ಲುವುದೇ ಇಲ್ಲ, ಏಕೆಂದರೆ ಪ್ಲಂಜರಿನ ಸೀಳು ಪೋರ್ಟಿಗೆ (ಬ್ಯಾರೆಲ್ಲಿಗೆ ಡೀಸೆಲ್ ಬರುವ ತೂತಿಗೆ) ತೆರೆದೇ ಇರುತ್ತದೆ. ರ‍್ಯಾಕನ್ನು ಫುಲ್ ಲೋಡ್ ಜಾಗದಲ್ಲಿ ಕಟ್ಟಬೇಕು. ಸ್ಟಾರ್ಟಿಂಗಿನ ಹೆಚ್ಚುವರಿ ಡೀಸೆಲ್ ಜಾಗಕ್ಕೂ ಬಿಡಬಾರದು. ಕೆಲವು ಪ್ಲಂಜರುಗಳ ತಲೆಯಲ್ಲಿ ಸ್ಟಾರ್ಟಿಂಗ್ ತಡಮಾಡುವ ಕಚ್ಚು ಇರುತ್ತದೆ, ಆ ಜಾಗದಲ್ಲಿ ನೋಡಿದರೆ ಅಂಕಿಯೇ ಬೇರೆ ಬರುತ್ತದೆ. ಡೀಸೆಲ್ ಕೊಡಲು ಹ್ಯಾಂಡ್ ಪ್ರೈಮರ್ ಒತ್ತುವ ಬದಲು ಪಂಪಿಗಿಂತ ಎತ್ತರದಲ್ಲಿ ಒಂದು ಡಬ್ಬಿ ತೂಗುಹಾಕಿ, ರಿಟರ್ನ್ ಲೈನ್ ಮುಚ್ಚುವುದು ಒಳ್ಳೆಯದು. ಪ್ರೈಮರಿನ ಪ್ರತಿ ಒತ್ತಿಗೂ ಹರಿವು ಚಿಮ್ಮಿ ಇಳಿಯುತ್ತದೆ, ಯಾವಾಗ ನಿಂತಿತು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಡಬ್ಬಿಯಿಂದ ಬರುವ ಹರಿವು ಒಂದೇ ಸಮ.

ಕ್ರ್ಯಾಂಕನ್ನು ಟಾಪಿಗೆ 40 ಡಿಗ್ರಿ ಹಿಂದಕ್ಕೆ ಒಯ್ದು, ಅಲ್ಲಿಂದ ಇಂಜಿನ್ ಓಡುವ ದಿಕ್ಕಿನಲ್ಲೇ ಮೆಲ್ಲಗೆ ತರಬೇಕು. ದಾಟಿಹೋದರೆ ಅಲ್ಲಿಂದಲೇ ಹಿಂದಕ್ಕೆ ತಂದು ಓದಬಾರದು. ಗೇರ್‌ಗಳ ಸಡಿಲ ಎದುರು ಕಡೆಗೆ ಹೋಗಿರುತ್ತದೆ, ಮತ್ತೆ 40 ಡಿಗ್ರಿ ಹಿಂದೆ ಹೋಗಿಯೇ ಬರಬೇಕು. ಮೊದಲು ಪೈಪಿನ ತುದಿಯಿಂದ ದಾರದಂತೆ ಹರಿಯುತ್ತದೆ. ಆಮೇಲೆ ದಾರ ತುಂಡಾಗಿ ಹನಿಗಳಾಗುತ್ತವೆ. ಹನಿ ಬಿದ್ದು ಮುಂದಿನ ಹನಿ ತುಂಬಿಕೊಳ್ಳಲು ಹಲವು ಸೆಕೆಂಡ್ ಹಿಡಿಯುವ ಜಾಗದಲ್ಲಿ ಕ್ರ್ಯಾಂಕ್ ನಿಲ್ಲಿಸಬೇಕು. ಪ್ಲಂಜರ್ ಪೋರ್ಟ್ ಮುಚ್ಚಿದ್ದು ಅಲ್ಲೇ. ಅಲ್ಲಿಂದ ಒಂದು ಕೂದಲಿನಷ್ಟು ಮುಂದೆ ಹೋದರೆ ಹನಿ ಪೈಪಿನ ಬಾಯಲ್ಲೇ ಉಬ್ಬಿ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿ ಪುಲಿ ನೋಡಿದರೆ ಪಾಯಿಂಟರ್ 18ರ ಮೇಲೆ ಸರಿಯಾಗಿ ನಿಂತಿತ್ತು. ಹಿಂದಿನವರು ಕೆಲಸ ಕೆಟ್ಟದಾಗಿ ಮಾಡಿರಲಿಲ್ಲ.

ಫ್ಲ್ಯಾಂಜಿನ ಗೆರೆ

ಸುಳಿವು ಸಿಕ್ಕಿದ್ದು ಪಂಪ್ ಗೇರ್ ಕೇಸಿಗೆ ಕೂರುವ ಜಾಗದಲ್ಲಿ. ಇಂಥ ಇಂಜಿನ್‌ಗಳಲ್ಲಿ ಮೊದಲ ಸಲ ಟೈಮಿಂಗ್ ಇಟ್ಟಾಗ ಪಂಪ್ ಫ್ಲ್ಯಾಂಜ್ ಮತ್ತು ಗೇರ್ ಕೇಸ್ ಎರಡರ ಮೇಲೂ ಹಾದುಹೋಗುವಂತೆ ಒಂದು ಉಳಿಗೆರೆ ಹಾಕಿರುತ್ತಾರೆ. ಮಣ್ಣು, ಗ್ರೀಸು ಕೆರೆದರೆ ಗೆರೆ ಕಂಡಿತು. ಪಂಪಿನ ಗೆರೆ ಕೇಸಿನ ಗೆರೆಗಿಂತ ಸುಮಾರು 4 ಮಿ.ಮೀ. ಸರಿದಿತ್ತು, ತಡವಾಗುವ ಕಡೆಗೆ. ಸ್ಟಡ್‌ಗಳು ಉದ್ದ ತೂತಿನ ಒಂದು ತುದಿಗೆ ಹತ್ತಿ ಕೂತಿದ್ದವು.

ಫ್ಲ್ಯಾಂಜಿನ ಸುತ್ತಳತೆ ಲೆಕ್ಕ ಹಾಕಿದರೆ, 120 ಮಿ.ಮೀ. ವ್ಯಾಸಕ್ಕೆ ಒಂದು ಡಿಗ್ರಿ ಎಂದರೆ 1.05 ಮಿ.ಮೀ. ನಾಲ್ಕು ಮಿ.ಮೀ. ಚಿಲ್ಲರೆ ಎಂದರೆ ಪಂಪಿನ ನಾಲ್ಕು ಡಿಗ್ರಿ. ಪಂಪ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕಿನ ಲೆಕ್ಕದಲ್ಲಿ ಎಂಟು ಡಿಗ್ರಿ. ಅನೇಕರು ಈ ಎರಡನ್ನು ಬೆರೆಸಿ, ಎರಡು ಡಿಗ್ರಿ ಬೇಕಾದಲ್ಲಿ ನಾಲ್ಕು ತಿರುಗಿಸಿಬಿಡುತ್ತಾರೆ.

ಹಿಂದಿನವರು ಈ ಗೆರೆ ನೋಡಿರಲಿಕ್ಕಿಲ್ಲ, ಅಥವಾ ಎಲಿಮೆಂಟ್ ಬದಲಾದ ಪಂಪಿಗೆ ಹಳೆ ಗೆರೆ ಲೆಕ್ಕಕ್ಕಿಲ್ಲ ಎಂದು ಬಿಟ್ಟಿರಬೇಕು. ಆ ವಾದದಲ್ಲಿ ಹುರುಳಿದೆ. ಬೆಂಚಿನಲ್ಲಿ ಟ್ಯಾಪೆಟ್ ಹೊಂದಿಸುವಾಗ ಒಂದೆರಡು ಡಿಗ್ರಿ ಬದಲಾಗಬಹುದು. ಎಂಟು ಡಿಗ್ರಿ ಬದಲಾಗುವುದಿಲ್ಲ. ಒಂದು ಹಲ್ಲು ತಪ್ಪಿ ಕೂತಿದೆಯೇ ಎಂದರೆ ಅದೂ ಹೊಂದುವುದಿಲ್ಲ. ಈ ಇಂಜಿನ್ನಿನ ಪಂಪ್ ಗೇರಿಗೆ 60 ಹಲ್ಲು, ಒಂದು ಹಲ್ಲಿಗೆ ಪಂಪಿನ 6 ಡಿಗ್ರಿ, ಕ್ರ್ಯಾಂಕಿನ 12. ಎಂಟಕ್ಕೆ ಅದು ತಾಳೆಯಾಗದು. ಗೇರ್‌ಗಳ ಮೇಲಿನ ಚುಕ್ಕೆಗಳೂ ಒಂದಕ್ಕೊಂದು ಎದುರಾಗಿದ್ದವು.

ಹಾಗಾದರೆ ಪಂಪಿನ ಕಡೆ ತಪ್ಪಿಲ್ಲ, ಗೇರಿನ ಕಡೆ ತಪ್ಪಿಲ್ಲ. ಉಳಿದದ್ದು ಪುಲಿಯ ಮೇಲಿನ ಗುರುತು ಮಾತ್ರ. ಅಲ್ಲಿಯವರೆಗೆ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ. ಎಲ್ಲರ ಅಳತೆಯೂ ಅದನ್ನೇ ನಂಬಿತ್ತು. ಒಂದನೇ ಪೈಪಿಗೆ ಸೆನ್ಸರ್ ಕಚ್ಚಿಸಿ ಟೈಮಿಂಗ್ ಲೈಟ್ ಹಿಡಿದಿದ್ದರೂ ಅದೇ ಸುಳ್ಳು ಬರುತ್ತಿತ್ತು, ಲೈಟ್ ಬೆಳಗುವುದೂ ಅದೇ ಗುರುತಿನ ಮೇಲೆ.

ಟಾಪ್ ಎಲ್ಲಿದೆ

ನಿಜವಾದ ಟಾಪ್ ಕಂಡುಹಿಡಿಯಲು ಪಿಸ್ಟನ್ನನ್ನೇ ಕೇಳಬೇಕು. ನಾಜಲ್ ತೂತಿಗೆ ಕಡ್ಡಿ ಇಳಿಬಿಟ್ಟು ಅದು ಏರುವುದು ನಿಂತ ಜಾಗವೇ ಟಾಪ್ ಎನ್ನುವುದು ಈ ಕೆಲಸಕ್ಕೆ ಸಾಲದು. ಕಾರಣ ಲೆಕ್ಕದಲ್ಲೇ ಇದೆ. ಈ ಇಂಜಿನ್ನಿನಲ್ಲಿ ಟಾಪಿಗೆ ಎರಡು ಡಿಗ್ರಿ ಆಚೆ ಇದ್ದರೂ ಪಿಸ್ಟನ್ ಇಳಿದಿರುವುದು ಕೇವಲ 0.05 ಮಿ.ಮೀ. ಒಂದು ತೆಳು ಕಾಗದದ ದಪ್ಪ. ಕಡ್ಡಿಗೆ ಅದು ಕಾಣುವುದಿಲ್ಲ, ನಾಜಲ್ ತೂತು ಓರೆಯಾಗಿದ್ದರೆ ಇನ್ನೂ ಕಷ್ಟ.

ಹಾಗಾಗಿ ವಾಲ್ವ್ ಮೂಲಕ ಅಳೆಯಲಾಯಿತು. ಬೇರೆ ಸಿಲಿಂಡರುಗಳ ನಾಜಲ್ ತೆಗೆದರೆ ಕ್ರ್ಯಾಂಕ್ ಹಗುರಾಗಿ ತಿರುಗುತ್ತದೆ. ಒಂದನೇ ಸಿಲಿಂಡರನ್ನು ಅಂದಾಜು ಟಾಪಿಗೆ ತಂದು, ರಾಕರ್ ಇಳಿಸಿ, ಒಂದು ವಾಲ್ವಿನ ಸ್ಪ್ರಿಂಗ್ ತೆಗೆದರೆ ವಾಲ್ವ್ ಇಳಿದು ಪಿಸ್ಟನ್ ತಲೆಯ ಮೇಲೆ ಕೂರುತ್ತದೆ. ವಾಲ್ವ್ ನೇರವಾಗಿ ನಿಂತಿರುವ ಇಂಜಿನ್ ಆದ್ದರಿಂದ ಪಿಸ್ಟನ್ ಎಷ್ಟು ಇಳಿಯುತ್ತದೋ ವಾಲ್ವ್ ಅಷ್ಟೇ ಇಳಿಯುತ್ತದೆ. ಅದರ ತುದಿಗೆ ಡಯಲ್ ಗೇಜ್. ವಾಲ್ವ್ ಕಾಂಡಕ್ಕೆ ಬಿಗಿಯಾಗಿ ಒಂದು ಓ-ರಿಂಗ್ ತೊಡಿಸುವುದು ಕಡ್ಡಾಯ, ಮತ್ತು ಕ್ರ್ಯಾಂಕನ್ನು ಟಾಪಿನಿಂದ 20 ಡಿಗ್ರಿಗಿಂತ ಆಚೆ ಒಯ್ಯಬಾರದು. ಯಾರೋ ಮರೆತು ಸೆಲ್ಫ್ ಹೊಡೆದರೆ ವಾಲ್ವ್ ಸಿಲಿಂಡರಿನೊಳಗೆ ಬೀಳುತ್ತದೆ, ಆಮೇಲೆ ಹೆಡ್ ಇಳಿಸದೆ ಗತಿಯಿಲ್ಲ. ಕೆಲಸ ಶುರುಮಾಡುವ ಮುಂಚೆಯೇ ಬ್ಯಾಟರಿಯ ಕೇಬಲ್ ಕಳಚಿಡಬೇಕು.

ಡಯಲ್ ಅತಿ ಎತ್ತರ ತೋರಿಸಿದ ಜಾಗದಲ್ಲಿ ಸೊನ್ನೆ ಮಾಡಿ, ಕ್ರ್ಯಾಂಕನ್ನು ಹಿಂದಕ್ಕೆ ಒಯ್ದು ಸರಿಯಾಗಿ 2.00 ಮಿ.ಮೀ. ಇಳಿದ ಜಾಗದಲ್ಲಿ ಪುಲಿಯ ಮೇಲೆ ಪಾಯಿಂಟರಿಗೆ ಎದುರಾಗಿ ಗೀಟು. ಟಾಪ್ ದಾಟಿ ಮುಂದೆ ಹೋಗಿ ಮತ್ತೆ 2.00 ಮಿ.ಮೀ. ಇಳಿದಲ್ಲಿ ಇನ್ನೊಂದು ಗೀಟು. ಆ ಆಳದಲ್ಲಿ ಒಂದು ಡಿಗ್ರಿಗೆ 0.3 ಮಿ.ಮೀ.ಗೂ ಹೆಚ್ಚು ಚಲನೆ ಇರುವುದರಿಂದ ಓದು ಚೊಕ್ಕ. ಪುಲಿ 220 ಮಿ.ಮೀ. ವ್ಯಾಸದ್ದು, ಸುತ್ತಳತೆ 691 ಮಿ.ಮೀ., ಒಂದು ಡಿಗ್ರಿಗೆ 1.92 ಮಿ.ಮೀ. ಎರಡು ಗೀಟುಗಳ ನಡುವೆ ಪುಲಿಯ ಮೈಗೆ ಅಂಟಿಸಿದ ಕಾಗದದ ಟೇಪಿನ ಮೇಲೆ ಅಳೆದರೆ 48.5 ಮಿ.ಮೀ. ಅದರ ನಡುಬಿಂದುವೇ ಟಾಪ್. 1.00 ಮಿ.ಮೀ. ಇಳಿತಕ್ಕೂ ಹಾಗೇ ಮಾಡಿ ನೋಡಿದರೆ ನಡುಬಿಂದು ಅರ್ಧ ಮಿ.ಮೀ. ಒಳಗೆ ಅಲ್ಲಿಗೇ ಬಂತು.

ನಡುಬಿಂದು ಪಾಯಿಂಟರಿಗೆ ನಿಂತಾಗ ಪುಲಿಯ ಸ್ವಂತ ಸೊನ್ನೆ ಗುರುತು ಪಾಯಿಂಟರಿಗೆ ಬರಲು ಇನ್ನೂ 15 ಮಿ.ಮೀ. ಉಳಿದಿತ್ತು. 15ನ್ನು 1.92ರಿಂದ ಭಾಗಿಸಿದರೆ 7.8. ಪುಲಿ 18 ಎಂದಾಗ ಇಂಜಿನ್ 10ರಲ್ಲಿತ್ತು.

ಗುರುತು ಸರಿದದ್ದು ಹೇಗೆ

ಈ ಇಂಜಿನ್ನಿನ ಮುಂದಿನ ಪುಲಿ ಒಂದೇ ಗಟ್ಟಿ ತುಂಡಲ್ಲ. ಕ್ರ್ಯಾಂಕಿಗೆ ಕೀ ಹಾಕಿ ಕೂರುವ ಒಳಗಿನ ಹಬ್, ಅದರ ಸುತ್ತ ಕೂಡಿಸಿದ ರಬ್ಬರ್ ಪದರ, ಅದರ ಹೊರಗೆ ತೂಕದ ರಿಂಗ್. ಕ್ರ್ಯಾಂಕಿನ ತಿರುಚು ಕಂಪನ ಹೀರುವ ಡ್ಯಾಂಪರ್ ಅದು. ಬೆಲ್ಟ್ ಗ್ರೂವ್ ಮತ್ತು ಡಿಗ್ರಿ ಗುರುತು ಎರಡೂ ಇರುವುದು ಹೊರ ರಿಂಗಿನ ಮೇಲೆ. ಕೀ ಒಳಗಿನ ಹಬ್ಬಿಗೆ ಮಾತ್ರ. ರಬ್ಬರಿನ ಅಂಟು ಬಿಟ್ಟರೆ ಹೊರ ರಿಂಗ್ ತನ್ನಷ್ಟಕ್ಕೆ ಜಾರುತ್ತದೆ, ಗುರುತನ್ನೂ ಜೊತೆಗೇ ಒಯ್ಯುತ್ತದೆ.

ಇಲ್ಲಿ ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್ ಸೋರಿ ರಬ್ಬರ್ ಎಣ್ಣೆ ಕುಡಿದು ಮೆತ್ತಗಾಗಿತ್ತು. ಬೆರಳಿಟ್ಟು ಒತ್ತಿದರೆ ಗುಂಡಿ ಬಿದ್ದು ನಿಧಾನಕ್ಕೆ ಏಳುತ್ತಿತ್ತು, ಒಂದು ಕಡೆ ಹೊರಗೆ ಉಬ್ಬಿತ್ತು. ಐಡ್ಲಿಂಗಿನಲ್ಲಿ ಮುಂದಿನಿಂದ ನೋಡಿದರೆ ರಿಂಗ್ ಓಲಾಡುವುದೂ ಕಾಣುತ್ತಿತ್ತು. ಜಾರಿದ ದಿಕ್ಕಿಗೂ ಅರ್ಥವಿದೆ. ಆಲ್ಟರ್ನೇಟರ್, ವಾಟರ್ ಪಂಪ್ ಎಲ್ಲ ಬೆಲ್ಟ್ ಮೂಲಕ ರಿಂಗನ್ನು ಹಿಂದಕ್ಕೆ ಹಿಡಿದೆಳೆಯುತ್ತವೆ, ಆದ್ದರಿಂದ ರಿಂಗ್ ಕ್ರ್ಯಾಂಕಿಗಿಂತ ಹಿಂದೆ ಬೀಳುತ್ತದೆ. ಗುರುತು ಹಿಂದೆ ಬಿದ್ದರೆ ಅದಕ್ಕೆ ಹೊಂದಿಸಿದ ಇಂಜೆಕ್ಷನ್ನೂ ತಡವಾಗುತ್ತದೆ. ಹೊಸ ಡ್ಯಾಂಪರ್ ತಂದು ಹಳೆಯದರ ಪಕ್ಕ ಇಟ್ಟು ಕೀ ಕೂರುವ ಸೀಳುಗಳನ್ನು ಒಂದೇ ಸಾಲಿಗೆ ಹಿಡಿದರೆ ಸೊನ್ನೆ ಗುರುತುಗಳ ನಡುವೆ ಅದೇ 15 ಮಿ.ಮೀ. ಕಂಡಿತು.

ಪಂಪ್ ಮಾಡಿಸುವ ಮುಂಚೆ ಗಾಡಿ ಚೆನ್ನಾಗಿ ಎಳೆಯುತ್ತಿದ್ದುದು ಏಕೆ ಎಂಬುದೂ ಈಗ ತಿಳಿಯುತ್ತದೆ. ಡ್ಯಾಂಪರ್ ಆಗಲೇ ಜಾರಿತ್ತು. ಆದರೆ ಪಂಪ್ ತನ್ನ ಹಳೆಯ ಉಳಿಗೆರೆಯಲ್ಲೇ ಕೂತಿತ್ತು, ಗುರುತನ್ನು ಯಾರೂ ಬಳಸಿರಲಿಲ್ಲ. ಪಂಪ್ ಇಳಿಸಿ ಹಾಕಿದ ದಿನ ಮೊದಲ ಸಲ ಪುಲಿಯನ್ನು ನಂಬಲಾಯಿತು. ಬೆಂಚಿನವರ ಮೇಲೆ ಬಂದ ಅಪವಾದಕ್ಕೆ ಬೆಂಚಿನಲ್ಲಿ ಆಧಾರವೇ ಇರಲಿಲ್ಲ.

ರಿಪೇರಿ ಮತ್ತು ಉಳಿದ ಬಾಕಿ

ಡ್ಯಾಂಪರ್ ಹಾಗೇ ಬಿಟ್ಟು ಹೊಸ ಗುರುತು ಕೊರೆದರೆ ಸಾಲದೇ ಎಂದು ಮಾಲೀಕರು ಕೇಳುವುದು ಸಹಜ, ಹೊಸದು ಅಗ್ಗವಲ್ಲ. ಸಾಲದು. ಗುರುತು ಮತ್ತೆ ಜಾರುತ್ತದೆ, ಅದಕ್ಕಿಂತ ಮುಖ್ಯವಾಗಿ ಅಂಟು ಬಿಟ್ಟ ಡ್ಯಾಂಪರ್ ತಿರುಚು ಕಂಪನ ಹೀರುವುದಿಲ್ಲ. ಆರು ಸಿಲಿಂಡರಿನ ಉದ್ದ ಕ್ರ್ಯಾಂಕ್ ಅದರಿಂದ ಬಿರುಕು ಬಿಟ್ಟು ತುಂಡಾಗಬಹುದು. ಡ್ಯಾಂಪರ್ ಮತ್ತು ಮುಂದಿನ ಆಯಿಲ್ ಸೀಲ್ ಎರಡನ್ನೂ ಬದಲಿಸಲಾಯಿತು. ಸೀಲ್ ಬಿಟ್ಟು ಡ್ಯಾಂಪರ್ ಮಾತ್ರ ಹಾಕಿದರೆ ಹೊಸ ರಬ್ಬರಿಗೂ ಅದೇ ಗತಿ.

ಹೊಸ ಡ್ಯಾಂಪರ್ ಕೂತ ಮೇಲೆ ಡಯಲ್ ಗೇಜಿನ ನಡುಬಿಂದು ಅದರ ಸೊನ್ನೆಗೆ ಕಾಲು ಡಿಗ್ರಿಯೊಳಗೆ ಬಂತು. ಆಮೇಲೆ ವಾಲ್ವ್ ಸ್ಪ್ರಿಂಗ್, ರಾಕರ್, ನಾಜಲ್ ಎಲ್ಲ ಜೋಡಿಸಿ ಕ್ರ್ಯಾಂಕನ್ನು 18ಕ್ಕೆ ತಂದು, ಪಂಪ್ ನಟ್‌ಗಳನ್ನು ಸಡಿಲಿಸಿ, ಪಂಪ್ ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ಪಂಪಿನ ಮೈ ತಿರುಗಿಸಲಾಯಿತು. ಅಡ್ವಾನ್ಸ್ ಮಾಡುವ ದಿಕ್ಕು ಯಾವಾಗಲೂ ಅದೇ: ಮೈ ಎದುರಿಗೆ ಬಂದರೆ ಕ್ಯಾಮ್ ಬೇಗ ಸಿಗುತ್ತದೆ. ಸುಮಾರು 4 ಮಿ.ಮೀ. ತಿರುಗಿದಾಗ ಹರಿವು ಹನಿಗೆ ಇಳಿಯಿತು. ನಟ್ ಬಿಗಿದು, 40 ಡಿಗ್ರಿ ಹಿಂದೆ ಹೋಗಿ ಮತ್ತೆ ಬಂದು ನೋಡಿದರೆ ಹನಿ ನಿಲ್ಲುವುದು 18ಕ್ಕೇ. ಬಿಗಿಯುವಾಗ ಪಂಪ್ ತುಸು ಜರುಗುವುದುಂಟು, ಬಿಗಿದ ಮೇಲೆ ಒಮ್ಮೆ ನೋಡದಿದ್ದರೆ ಮಾಡಿದ್ದೆಲ್ಲ ಅಂದಾಜಾಗುತ್ತದೆ. ಉಳಿಗೆರೆಗಳು ಈಗ ಅರ್ಧ ಮಿ.ಮೀ. ಅಂತರದಲ್ಲಿ ಎದುರುಬದುರಾಗಿದ್ದವು. ಎಲಿಮೆಂಟ್ ಬದಲಾದ ಪಂಪಿಗೆ ಅಷ್ಟು ವ್ಯತ್ಯಾಸ ಸಹಜ.

ಡೆಲಿವರಿ ವಾಲ್ವ್ ಅದೇ ಲೈನಿಗೆ ವಾಪಸ್ ಹಾಕಿ, ಹೋಲ್ಡರಿನ ಸೀಲ್ ವಾಷರ್ ಹೊಸದು ಬಳಸಿ, ಮೊದಲು ಫಿಲ್ಟರ್ ಮತ್ತು ಪಂಪಿನ ಗ್ಯಾಲರಿಯ ಏರ್ ತೆಗೆದು, ಆಮೇಲೆ ಸೆಲ್ಫ್ ಹೊಡೆಯುತ್ತ ನಾಜಲ್ ಕಡೆಯ ನಟ್‌ಗಳಲ್ಲಿ ಏರ್ ತೆಗೆದರು. ಚಿಮ್ಮುವ ಡೀಸೆಲ್ ಮುಂದೆ ಬರಿಗೈ ಹಿಡಿಯಬಾರದು, ಆ ಒತ್ತಡ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಮರುದಿನ ಬೆಳಿಗ್ಗೆ ತಣ್ಣನೆಯ ಸ್ಟಾರ್ಟಿನಲ್ಲಿ ಬಿಳಿ ಹೊಗೆ ಒಂದು ನಿಮಿಷದೊಳಗೆ ತಿಳಿಯಾಯಿತು. ದನಿಗೆ ಡೀಸೆಲ್ ಇಂಜಿನ್ನಿನ ಎಂದಿನ ಗಟ್ಟಿ ಬಡಿತ ಬಂತು. ಲೋಡಿನೊಂದಿಗೆ ಅರಬೈಲ್ ಹತ್ತುವಾಗ ಮೂರನೇ ಗೇರ್ ಸಾಕಾಯಿತು, ಬಿಸಿ ಮುಳ್ಳು ನಡುವೆ ನಿಂತಿತು.

ಕಪ್ಪು ಹೊಗೆ ಮಾತ್ರ ಉಳಿಯಿತು. ಅದು ಎರಡನೇ ಗ್ಯಾರೇಜಿನಲ್ಲಿ ತೆರೆದ ಫುಲ್ ಲೋಡ್ ಸ್ಕ್ರೂವಿನ ಕೊಡುಗೆ. ಟೈಮಿಂಗ್ ಸರಿಯಾದ ಮೇಲೆ ಆ ಹೆಚ್ಚುವರಿ ಡೀಸೆಲ್ ಎಳೆತದಂತೆಯೇ ಅನ್ನಿಸುತ್ತದೆ, ಡ್ರೈವರಿಗೆ ಇಷ್ಟವೂ ಆಗುತ್ತದೆ. ಆದರೆ ಪಿಸ್ಟನ್ನಿನ ತಲೆ ಅದನ್ನು ಬಹಳ ದಿನ ತಾಳುವುದಿಲ್ಲ. ಅರ್ಧ ಸುತ್ತು ವಾಪಸ್ ತಿರುಗಿಸಿ ಕಣ್ಣಳತೆಯಲ್ಲಿ ಮುಗಿಸುವ ಕೆಲಸವಲ್ಲ ಅದು, ರ‍್ಯಾಕಿನ ಒಂದು ಮಿ.ಮೀ. ಕೂಡ ಡೆಲಿವರಿಯನ್ನು ಬಹಳಷ್ಟು ಬದಲಿಸುತ್ತದೆ. ಫ್ಲ್ಯಾಂಜಿನ ಹೊಸ ಜಾಗಕ್ಕೆ ಉಳಿಗೆರೆ ಹಾಕಿ, ಡ್ಯಾಂಪರಿನ ಹಬ್, ರಬ್ಬರ್, ರಿಂಗ್ ಮೂರರ ಮೇಲೂ ಹಾಯುವಂತೆ ಬಿಳಿ ಬಣ್ಣದ ಒಂದು ಪಟ್ಟಿ ಎಳೆದು, ಪಂಪನ್ನು ಮತ್ತೊಮ್ಮೆ ಬೆಂಚಿಗೆ ಕಳಿಸಲಾಯಿತು. ಡೆಲಿವರಿ ಶೀಟಿನ ಅಂಕಿಗೆ ಬಂದ ಮೇಲೆ ಸ್ಕ್ರೂವಿಗೆ ಸೀಲ್ ಬಿತ್ತು. ವಾಪಸ್ ಬಂದ ಪಂಪನ್ನು ಗೆರೆಗೆ ಕೂರಿಸಿ ಸ್ಪಿಲ್ ಮಾಡಿದಾಗ ತಿರುಗಿಸಬೇಕಾಗಲಿಲ್ಲ.